ಚೌಕಟ್ಟಿನ ಪೆಟ್ಟಿಗೆ, ಅಡ್ಡಪಟ್ಟಿಯ ಗೂಡು: ಹಿತ್ತಿಲಿಗೆ ಯಾವುದು ಹೊಂದುತ್ತದೆ?

ಹಿತ್ತಿಲಲ್ಲಿ ಒಂದೆರಡು ಜೇನು ಕುಟುಂಬಗಳನ್ನು ಸಾಕಲು ಹೊರಟವರ ಮುಂದೆ ಮೊದಲು ಬಂದು ನಿಲ್ಲುವುದು ಪೆಟ್ಟಿಗೆಯ ಪ್ರಶ್ನೆ. ಒಂದು, ನಾಲ್ಕೂ ಬದಿಗೆ ಮರದ ಅಂಚಿರುವ ಚೌಕಟ್ಟುಗಳನ್ನು ಇಳಿಬಿಟ್ಟ ಲ್ಯಾಂಗ್‌ಸ್ಟ್ರಾತ್ ಮಾದರಿಯ ಪೆಟ್ಟಿಗೆ. ಇನ್ನೊಂದು, ಉದ್ದನೆಯ ತೊಟ್ಟಿಯ ಮೇಲೆ ಬರಿಯ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಟಾಪ್‌ಬಾರ್, ಅಂದರೆ ಅಡ್ಡಪಟ್ಟಿಯ ಗೂಡು. ಎರಡನ್ನೂ ಒಂದೇ ಹಿತ್ತಿಲಲ್ಲಿ, ಅದೇ ಹೂವಿನ ಕಾಲಗಳಲ್ಲಿ ಅಕ್ಕಪಕ್ಕ ಇಟ್ಟು ಸಾಕಿದ್ದೇನೆ. ಇವೆರಡರ ಕುರಿತ ಮಾತು ಸಾಮಾನ್ಯವಾಗಿ ಯಾವುದರಲ್ಲಿ ಹೆಚ್ಚು ಜೇನುತುಪ್ಪ ಸಿಗುತ್ತದೆ ಎಂಬಲ್ಲಿಗೇ ನಿಂತುಬಿಡುತ್ತದೆ. ಆದರೆ ಮನೆಮಟ್ಟಿಗೆ ಸಾಕುವವರು ಅದಕ್ಕಿಂತ ಮೊದಲು ವಿಚಾರಿಸಬೇಕಾದದ್ದು, ಗೂಡಿನೊಳಗನ್ನು ಎಷ್ಟು ಸರಾಗವಾಗಿ, ನೊಣಗಳಿಗೆ ಎಷ್ಟು ಕಡಿಮೆ ತೊಂದರೆ ಕೊಟ್ಟು ನೋಡಬಹುದು ಎಂಬುದನ್ನು.

ಲೊರೆಂಜೊ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯ ಹಿಂದಿರುವುದು ಒಂದು ಸರಳ ಅಳತೆ. ಸುಮಾರು 6ರಿಂದ 9 ಮಿ.ಮೀ. ಸಂದನ್ನು ನೊಣಗಳು ಓಡಾಟದ ದಾರಿಯೆಂದು ಖಾಲಿ ಬಿಡುತ್ತವೆ. ಅದಕ್ಕಿಂತ ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಮೇಣದ ಕೋಶಗಳ ಎರಿ ಕಟ್ಟುತ್ತವೆ. ನೊಣದ ಜಾತಿ ಚಿಕ್ಕದಾದರೆ ಅಳತೆಯೂ ತುಸು ಇಳಿಯುತ್ತದೆ. ಚೌಕಟ್ಟಿನ ಸುತ್ತಲೂ ಈ ಸಂದು ಇರುವುದರಿಂದ ಅದು ಗೋಡೆಗೆ ಅಂಟಿಕೊಳ್ಳದೆ ಮೇಲೆ ಬರುತ್ತದೆ, ಬಿಸಿಲಿಗೆ ಹಿಡಿದು ಹೇಗೆ ಬೇಕಾದರೂ ಓರೆ ಮಾಡಿ ಕೋಶಗಳ ತಳದಲ್ಲಿರುವ ಮೊಟ್ಟೆಗಳನ್ನು ಕಾಣಬಹುದು. 1970ರ ದಶಕದಲ್ಲಿ ಕೀನ್ಯಾದಲ್ಲಿ ರೂಪುಗೊಂಡ ಅಡ್ಡಪಟ್ಟಿಯ ಗೂಡಿನಲ್ಲಿ ಎರಿಗೆ ಆಧಾರವಿರುವುದು ಮೇಲಂಚಿನಲ್ಲಿ ಮಾತ್ರ. ಗೂಡಿನ ಬದಿಗಳು ಓರೆಯಾಗಿದ್ದರೂ ನೊಣಗಳು ಅಲ್ಲಲ್ಲಿ ಎರಿಯನ್ನು ಗೋಡೆಗೆ ಬೆಸೆಯುತ್ತವೆ, ಎತ್ತುವ ಮೊದಲು ಉದ್ದನೆಯ ಚಾಕುವಿನಿಂದ ಅದನ್ನು ಬಿಡಿಸಿಕೊಳ್ಳಬೇಕು. ಎತ್ತಿದ ಮೇಲೂ ಎರಿಯನ್ನು ಅಡ್ಡಡ್ಡ ಮಲಗಿಸುವಂತಿಲ್ಲ. ಬಿಸಿಲೇರಿದಾಗ ಹೊಸ ಮೇಣ ಎಷ್ಟು ಮೆತ್ತಗಿರುತ್ತದೆಂದರೆ, ಜೇನು ತುಂಬಿದ ಎರಿ ತನ್ನ ಭಾರಕ್ಕೇ ಕಳಚಿ ಬೀಳಬಹುದು.

ಆದರೂ ತೆರೆಯುವ ಆ ಗಳಿಗೆಯಲ್ಲಿ ಅಡ್ಡಪಟ್ಟಿಯ ಗೂಡಿನಷ್ಟು ಶಾಂತವಾದದ್ದನ್ನು ನಾನು ಕಂಡಿಲ್ಲ. ಪಟ್ಟಿಗಳು ಒಂದಕ್ಕೊಂದು ಒತ್ತಿಕೊಂಡು ಮುಚ್ಚಳದ ಕೆಲಸವನ್ನೂ ಮಾಡುವುದರಿಂದ, ಎತ್ತಿದ ಪಟ್ಟಿಯ ಜಾಗವೊಂದನ್ನು ಬಿಟ್ಟು ಉಳಿದ ಗೂಡು ಕತ್ತಲಲ್ಲಿ, ತನ್ನ ಬಿಸುಪಿನಲ್ಲಿಯೇ ಇರುತ್ತದೆ. ಮರಿಗಳಿರುವ ಭಾಗವನ್ನು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಲು ಶ್ರಮಿಸುವ ನೊಣಗಳಿಗೆ ಇದು ಸಣ್ಣ ಉಪಕಾರವಲ್ಲ. ಚೌಕಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಇಡೀ ಅಂತಸ್ತು ಒಮ್ಮೆಗೇ ಬಯಲಾಗುತ್ತದೆ, ಹೊಗೆಯೂ ಹೆಚ್ಚು ಬೇಕಾಗುತ್ತದೆ. ಭಾರದ ಲೆಕ್ಕವೂ ಹೀಗೆಯೇ: ಹತ್ತು ಚೌಕಟ್ಟುಗಳ ಆಳದ ಕೋಣೆ ಪೂರ್ತಿ ತುಂಬಿದಾಗ 35 ಕಿಲೋ ದಾಟುತ್ತದೆ. ಬೆನ್ನುನೋವಿರುವವರು ಬೇರೆ ಯಾವ ಕಾರಣವನ್ನೂ ಹುಡುಕದೆ ಅಡ್ಡಪಟ್ಟಿಯ ಗೂಡನ್ನೇ ಆರಿಸಿಕೊಳ್ಳಬಹುದು.

ಚೌಕಟ್ಟಿನ ಪೆಟ್ಟಿಗೆಯ ನಿಜವಾದ ಬೆಲೆ ತಿಳಿಯುವುದು ಕುಟುಂಬಕ್ಕೆ ಕಷ್ಟ ಬಂದಾಗ. ಅಡ್ಡಪಟ್ಟಿಯ ಗೂಡು ಒಮ್ಮೆ ರಾಣಿಯನ್ನು ಕಳೆದುಕೊಂಡಿತು. ಮೂರು ದಿನ ತುಂಬದ ಎಳೆಯ ಮರಿ ಸಿಕ್ಕಿದರೆ ಕೆಲಸಗಾರ ನೊಣಗಳು ಅದಕ್ಕೆ ವಿಶೇಷ ಆಹಾರ ಉಣಿಸಿ ಹೊಸ ರಾಣಿಯನ್ನು ಬೆಳೆಸಬಲ್ಲವು. ಅಂಥ ಮರಿಗಳು ಪಕ್ಕದ ಪೆಟ್ಟಿಗೆಯಲ್ಲಿ ಧಾರಾಳವಾಗಿದ್ದವು. ಆದರೆ ಆ ಚೌಕಟ್ಟು ಓರೆಗೋಡೆಯ ಗೂಡಿನಲ್ಲಿ ಕೂರುವಂಥದ್ದಲ್ಲ. ಎರಿಯ ತುಂಡೊಂದನ್ನು ಕತ್ತರಿಸಿ ಪಟ್ಟಿಗೆ ದಾರದಿಂದ ಕಟ್ಟಿ ಕೊಡಬೇಕಾಯಿತು. ಚೌಕಟ್ಟಿನ ಪೆಟ್ಟಿಗೆಗಳೇ ಎರಡಿದ್ದರೆ ಅದು ನಿಮಿಷದ ಕೆಲಸ. ಕುಟುಂಬ ಪಾಲಾಗುವ ಮುನ್ನ ಎರಿಯ ಅಂಚಿನಲ್ಲಿ ಮೂಡುವ ರಾಣಿಕೋಶಗಳನ್ನು ಹುಡುಕುವುದು, ನುಸಿಯ ಹಾವಳಿಯನ್ನು ಅಂದಾಜು ಮಾಡುವುದು, ದುರ್ಬಲ ಕುಟುಂಬಕ್ಕೆ ಬಲಿಷ್ಠ ಕುಟುಂಬದ ಮರಿ ಎರಿಯನ್ನು ಕೊಡುವುದು, ಇವೆಲ್ಲವೂ ಚೌಕಟ್ಟಿನಲ್ಲಿ ಹಗುರ. ಹೊಸಬರು ಕಲಿಯುವುದು ನೋಡಿ ನೋಡಿಯೇ. ಎರಿ ಮುರಿದೀತೆಂಬ ಭಯವಿದ್ದರೆ ನೋಡುವುದೇ ಕಡಿಮೆಯಾಗುತ್ತದೆ.

ಇನ್ನು ಜೇನುತುಪ್ಪ. 1865ರಲ್ಲಿ ಫ್ರಾಂಟ್ಸ್ ಫಾನ್ ಹ್ರುಷ್ಕ ಎಂಬಾತ ತಿರುಗುವ ಯಂತ್ರದಿಂದ ಜೇನು ತೆಗೆಯುವ ವಿಧಾನವನ್ನು ತೋರಿಸಿಕೊಟ್ಟ ಮೇಲೆ ಚೌಕಟ್ಟಿನ ಎರಿಯನ್ನು ಒಡೆಯದೆ ಗೂಡಿಗೆ ಹಿಂದಿರುಗಿಸುವುದು ಸಾಧ್ಯವಾಯಿತು. ಮೇಣ ಮಾಡಲು ನೊಣಗಳು ತಾವೇ ಬಹಳಷ್ಟು ಜೇನನ್ನು ತಿಂದು ಕರಗಿಸಬೇಕಾದ್ದರಿಂದ, ಕಟ್ಟಿದ ಎರಿ ಮರಳಿ ಸಿಕ್ಕಿದರೆ ಮುಂದಿನ ಇಳುವರಿ ಹೆಚ್ಚುತ್ತದೆ. ಅಡ್ಡಪಟ್ಟಿಯಲ್ಲಿ ಎರಿಯನ್ನು ಕತ್ತರಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಬೇಕು. ಪ್ರಮಾಣದಲ್ಲಿ ಅದು ಸೋಲುತ್ತದೆ, ರುಚಿಯಲ್ಲಿ ಗೆಲ್ಲುತ್ತದೆ. ಯಂತ್ರದಲ್ಲಿ ಹಲವು ಚೌಕಟ್ಟುಗಳ ಜೇನು ಒಂದಾಗಿ ಬೆರೆಯುತ್ತದೆ, ಸಣ್ಣ ಹನಿಗಳಾಗಿ ಗಾಳಿಗೆ ಸಿಡಿಯುವಾಗ ಒಂದಿಷ್ಟು ಪರಿಮಳವೂ ಹಾರಿಹೋಗುತ್ತದೆ. ಅಡ್ಡಪಟ್ಟಿಯ ಗೂಡಿನಲ್ಲಾದರೋ ಜೇನಿನ ಎರಿಗಳು ಮರಿಗಳ ಭಾಗದಿಂದ ಹೊರಗೆ ಒಂದರ ಪಕ್ಕ ಒಂದರಂತೆ ಬೆಳೆಯುವುದರಿಂದ, ಹೂವಿನ ಕಾಲ ಬದಲಾದಂತೆ ಬಣ್ಣವೂ ರುಚಿಯೂ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತವೆ: ಮೊದಲನೆಯದು ಕಂದು, ತುಸು ಒಗರು, ನಾಲ್ಕನೆಯದು ನೀರಿನಷ್ಟು ತಿಳಿ, ಹೂವಿನದೇ ಗಂಧ. ಹೊಸ ಎರಿಯ ತುಂಡನ್ನು ಮೇಣಸಹಿತ ಬಾಯಿಗಿಟ್ಟಾಗ ಮುಚ್ಚಿದ ಕೋಶಗಳು ಒಂದೊಂದಾಗಿ ಒಡೆದು ಜೇನು ನಾಲಿಗೆಗೆ ಇಳಿಯುವ ಸುಖವನ್ನು ಯಾವ ಸೀಸೆಯ ಜೇನೂ ಕೊಡಲಾರದು. ಚೌಕಟ್ಟಿನೊಳಗೆ ಎರಿಗೆ ತಳಹದಿಯಾಗಿ ಹಾಕುವ ಕಾರ್ಖಾನೆಯ ಮೇಣದ ಹಾಳೆಯ ಮೇಲೆ ಕಟ್ಟಿದ ಎರಿ ಹೀಗೆ ತಿನ್ನಲು ದಪ್ಪ, ಜಗಿದಷ್ಟೂ ಉಳಿಯುತ್ತದೆ.

ಜೇನು ಹಣ್ಣಾಗಿದೆಯೇ ಎಂಬ ಪರೀಕ್ಷೆಯಲ್ಲಿ ಮತ್ತೆ ಚೌಕಟ್ಟಿನದೇ ಮೇಲುಗೈ. ತೇವಾಂಶ ಶೇ. 20ನ್ನು ಮೀರಿದ ಜೇನು ಹುಳಿಯುವ ಸಂಭವವಿದೆ, ಶೇ. 18ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಚೌಕಟ್ಟನ್ನು ಅಡ್ಡ ಹಿಡಿದು ಜೋರಾಗಿ ಕೊಡವಿದಾಗ ಮುಚ್ಚದ ಕೋಶಗಳಿಂದ ಹನಿ ಸಿಡಿಯದಿದ್ದರೆ ತೆಗೆಯಬಹುದು. ಅಡ್ಡಪಟ್ಟಿಯ ಎರಿಯನ್ನು ಹಾಗೆ ಕೊಡವಲಾಗದು. ಪೂರ್ತಿ ಮುಚ್ಚಿದ ಎರಿಗಳನ್ನು ಮಾತ್ರ ಕತ್ತರಿಸುವುದೊಂದೇ ದಾರಿ.

ಹಾಗಾಗಿ ಒಂದನ್ನೇ ಇಡಬೇಕೆನ್ನುವವರಿಗೆ ನಾನು ಹೇಳುವುದು ಚೌಕಟ್ಟಿನ ಪೆಟ್ಟಿಗೆಯನ್ನು. ಎರಿಜೇನಿನ ಆಸೆಯನ್ನು ಅದರಲ್ಲಿಯೂ ತೀರಿಸಿಕೊಳ್ಳಬಹುದು. ಮೇಲಿನ ಜೇನುಕೋಣೆಯ ಎರಡು ಮೂರು ಚೌಕಟ್ಟುಗಳಿಗೆ ಪೂರ್ತಿ ಹಾಳೆ ಹಾಕದೆ, ಮೇಲಂಚಿನಲ್ಲಿ ಬೆರಳಗಲದ ಮೇಣದ ಪಟ್ಟಿಯನ್ನಷ್ಟೇ ಅಂಟಿಸಿ, ಆಗಲೇ ಮುಚ್ಚಿದ ನೇರ ಎರಿಗಳ ನಡುವೆ ಒಂದೊಂದನ್ನು ಇಟ್ಟರೆ ನೊಣಗಳು ಅಲ್ಲಿ ತಮ್ಮದೇ ತೆಳು ಎರಿಯನ್ನು ನೇರವಾಗಿ ಕಟ್ಟುತ್ತವೆ. ಹಾಳೆಯ ಬಲವಿಲ್ಲದ ಇವು ಯಂತ್ರದ ತಿರುಗಾಟಕ್ಕೆ ಒಡೆಯುತ್ತವೆ. ಆದ್ದರಿಂದ ಅವುಗಳ ಮೇಲಂಚಿಗೆ ಗುರುತು ಹಾಕಿಟ್ಟು, ಜೇನು ತೆಗೆಯುವ ದಿನ ಮೊದಲು ಅವನ್ನೇ ಬೇರ್ಪಡಿಸಿ ಚಾಕುವಿನಿಂದ ಕತ್ತರಿಸಿಕೊಳ್ಳಬೇಕು.