ಹಳೆ ಲೆನ್ಸಿಗೆ ಫಿಲ್ಟರ್ ಕೂಡಿಸಲು ಕಪನೂರಿನ ಲೇತೇ ಸಾಕು

ಮೊದಲೇ ಹೇಳಿಬಿಡುತ್ತೇನೆ, ಹಳೆ ಲೆನ್ಸಿಗೆ ಬಣ್ಣದ ಫಿಲ್ಟರ್ ಕೂಡಿಸಲು ನನ್ನ ಓಟು ಕಲಬುರಗಿಯ ಕಪನೂರಿನಲ್ಲಿ ಲೇತ್ (ಲೋಹ ಕಡೆಯುವ ಮಷೀನ್) ಮೇಲೆ ಮಾಡಿಸಿದ ಅಲ್ಯೂಮಿನಿಯಂ ರಿಂಗಿಗೆ. ಒಂದು ಅಳತೆಯ ಥ್ರೆಡ್ಡಿಗೆ ಇನ್ನೊಂದು ಅಳತೆಯ ಫಿಲ್ಟರ್ ಕೂಡಿಸುವ ಸ್ಟೆಪ್ ರಿಂಗ್, ಲೆನ್ಸಿನ ಹಿಂದೆ ಅಂಟಿಸುವ ಜೆಲಟಿನ್ ಅನ್ನುವ ತೆಳು ಬಣ್ಣದ ಹಾಳೆ, ಹೊರದೇಶದಿಂದ ತರಿಸಿದ ಹಳೆ ಸೀರೀಸ್ ಅಡಾಪ್ಟರ್, ಈ ಮೂರನ್ನೂ ಬಳಸಿದ ಮೇಲೆ ಈ ಮಾತು.

ಲೆನ್ಸು 15 ಸೆಂ.ಮೀ. ಎಫ್/4.5 ಟೆಸ್ಸಾರ್, ಹಳೆ ಕಾಂಪುರ್ ಶಟರ್‌ನಲ್ಲಿದೆ. ಕ್ಯಾಮೆರಾ 4x5 ಇಂಚಿನ ಫಿಲ್ಮ್ ಹಾಳೆಯದು. ಟೆಸ್ಸಾರ್ ಮಾದರಿಯ ಲೆನ್ಸನ್ನು ಪಾಲ್ ರುಡಾಲ್ಫ್ ಜರ್ಮನಿಯ ಝೈಸ್ ಕಂಪನಿಯಲ್ಲಿ ರೂಪಿಸಿದ್ದು 1902ರಲ್ಲಿ. ಈಗಿನ ಹಾಗೆ 49, 52, 58 ಎಂಎಂ ಅಂತ ಎಲ್ಲರೂ ಒಪ್ಪಿದ ಫಿಲ್ಟರ್ ಅಳತೆ ಆಗ ಇರಲಿಲ್ಲ. ಎಷ್ಟೋ ಲೆನ್ಸುಗಳಿಗೆ ಫಿಲ್ಟರನ್ನು ಹೊರಗಿನ ಅಂಚಿಗೆ ಟೋಪಿ ಹಾಗೆ ತೊಡಿಸುತ್ತಿದ್ದರು. ನನ್ನ ಲೆನ್ಸಿನ ಅಂಚು ವರ್ನಿಯರ್ ಕ್ಯಾಲಿಪರ್‌ನಲ್ಲಿ 42 ಎಂಎಂ ತೋರಿಸುತ್ತದೆ.

ನಾನು ತೆಗೆಯುವುದು ಕಪ್ಪು-ಬಿಳುಪು, ಅದೂ ಹೆಚ್ಚಾಗಿ ಹಳೆ ಕಟ್ಟಡ. ಫಿಲ್ಟರ್ ಇಲ್ಲದಿದ್ದರೆ ನಮ್ಮ ಕಡೆಯ ಆಕಾಶ ಫಿಲ್ಮಿನಲ್ಲಿ ಬೋಳು ಬಿಳಿ. ಕೆಂಪು ಹಾಕಿದರೆ ಆಕಾಶ ಕಪ್ಪಾಗುತ್ತದೆ, ಬೀದರ್ ಕೋಟೆಯ ಕೆಂಪು ಕಲ್ಲು ಬೆಳ್ಳಗಾಗುತ್ತದೆ. ನೋಡಲು ಜೋರಾಗಿದೆ. ಆದರೆ ಅಲ್ಲಿಂದ ಮಹಮೂದ್ ಗವಾನನ ಮದರಸಾಕ್ಕೆ ಹೋಗಿ, 1472ರ ಆ ಕಟ್ಟಡದ ನೀಲಿ ಟೈಲ್ಸ್ ಮುಂದೆ ಅದೇ ಫಿಲ್ಟರ್ ಇಟ್ಟರೆ ಟೈಲ್ಸೂ ಕಪ್ಪು! ಅಲ್ಲಿ ಹಳದಿಯೇ ಸರಿ. ಅಂದರೆ ಒಂದೇ ಬೆಳಿಗ್ಗೆ ಫಿಲ್ಟರ್ ಹಾಕುವುದು, ತೆಗೆಯುವುದು ನಡೆಯುತ್ತಲೇ ಇರುತ್ತದೆ. ಹೀಗೆ ಪದೇ ಪದೇ ಬದಲಿಸುವವರಿಗೆ ಯಾವುದು ಸಲೀಸು ಅನ್ನುವುದೇ ಇಲ್ಲಿ ಲೆಕ್ಕ.

ಸ್ಟೆಪ್ ರಿಂಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಲೆನ್ಸಿನ ಒಳ ಅಂಚಿನಲ್ಲಿ ಥ್ರೆಡ್ ಕಾಣುತ್ತದೆ, 40.5ರ ರಿಂಗ್ ಹತ್ತುವ ಹಾಗೂ ಅನಿಸುತ್ತದೆ. ಅರ್ಧ ಸುತ್ತಿಗೆ ಹಿಡಿದುಕೊಂಡಿತು. ಹಿತ್ತಾಳೆಯ ಥ್ರೆಡ್ ಒಮ್ಮೆ ಕೆಟ್ಟರೆ ಮುಗೀತು. ಅಲ್ಲಿಗೇ ಬಿಟ್ಟೆ.

ಜೆಲಟಿನ್ ಅಗ್ಗ, ಹಗುರ. ಲೆನ್ಸ್ ಕೂತಿರುವ ಬೋರ್ಡ್ ತೆಗೆದು ಹಿಂದಿನ ಗಾಜಿನ ಮೇಲೆ ಟೇಪ್ ಹಾಕಿ ಕೂಡಿಸಬೇಕು. ಹಿಂದೆ ಗಾಜಿನ ಫಿಲ್ಟರ್ ಇಟ್ಟರೆ ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಫೋಕಸ್ ಹಿಂದೆ ಸರಿಯುತ್ತದೆ. 2 ಎಂಎಂ ಗಾಜಾದರೆ 0.7 ಎಂಎಂ ಹತ್ತಿರ. ಜೆಲಟಿನ್ ಬರೀ 0.1 ಎಂಎಂ, ಹಾಗಾಗಿ ಆ ತಲೆನೋವಿಲ್ಲ. ಆದರೆ ಬೆರಳು ತಾಗಿದರೆ ಗುರುತು, ಬೆವರು ಬಿದ್ದರೆ ಹಾಳು. ಕಲಬುರಗಿಯ ಮೇ ತಿಂಗಳಲ್ಲಿ ಬೆವರದ ಕೈ ಎಲ್ಲಿಂದ ತರೋದು? ಕೋಟೆಯ ಧೂಳಿನಲ್ಲಿ ಬೋರ್ಡ್ ಬಿಚ್ಚುವುದೂ ನನಗೆ ಒಗ್ಗಲಿಲ್ಲ.

ಇನ್ನು ಸೀರೀಸ್ ಅಡಾಪ್ಟರ್. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಜಾಣ ಪದ್ಧತಿ. ಫಿಲ್ಟರ್ ಗಾಜಿಗೆ ಸ್ವಂತ ಥ್ರೆಡ್ ಇರಬೇಕಾಗಿಲ್ಲ. ಅಡಾಪ್ಟರನ್ನು ಲೆನ್ಸಿಗೆ ಒತ್ತಿ ಕೂಡಿಸಿ, ಗಾಜನ್ನು ಅದರೊಳಗೆ ಇಟ್ಟು, ಮೇಲೊಂದು ರಿಂಗ್ ತಿರುಗಿಸಿದರೆ ಆಯಿತು. ಸೀರೀಸ್ ನಂಬರ್ ಅಂದರೆ ಗಾಜಿನ ಅಳತೆ: ಸೀರೀಸ್ 6ರ ಗಾಜು 41.3 ಎಂಎಂ, ಸೀರೀಸ್ 7ರದು 50.8. ನಾನು 42 ಎಂಎಂ ಅಂತ ಬರೆದಿದ್ದ ಅಡಾಪ್ಟರ್ ತರಿಸಿದೆ. ಅಂಚೆ, ಕಸ್ಟಮ್ಸ್ ಎಲ್ಲ ಸೇರಿ 1,800 ರೂಪಾಯಿ ಬಿತ್ತು.

ಕೂತಿತು. ಆದರೆ ಬಿಗಿ. ಒತ್ತುವಾಗ ಸ್ವಲ್ಪ ತಿರುಚಬೇಕು, ತೆಗೆಯುವಾಗ ಇನ್ನೂ ಜಾಸ್ತಿ. ತಿರುಚಿದಾಗ ಅಡಾಪ್ಟರ್ ಜೊತೆ ಲೆನ್ಸಿನ ಮುಂಭಾಗವೇ ತಿರುಗಿ ಸಡಿಲವಾಗುತ್ತಿತ್ತು. ಟೆಸ್ಸಾರ್‌ನಲ್ಲಿ ಮುಂದೆ ಎರಡು ಗಾಜು, ಹಿಂದೆ ಅಂಟಿಸಿದ ಜೋಡಿ. ನಡುವಿನ ಅಂತರ ಸ್ವಲ್ಪ ಬದಲಾದರೂ ಫೋಕಸ್ ಜಾಗ ಬಿಡುತ್ತದೆ. ಹಳೆ ಮಡಚುವ ಕ್ಯಾಮೆರಾಗಳಲ್ಲಿ ಎಷ್ಟೋ ಕಡೆ ಮುಂದಿನ ಗಾಜು ತಿರುಗಿಸಿಯೇ ಫೋಕಸ್ ಮಾಡುತ್ತಾರಲ್ಲ, ಅದೇ ಕೆಲಸ ಇಲ್ಲಿ ಬೇಡದಿದ್ದರೂ ಆಗುತ್ತಿತ್ತು. ಗ್ರೌಂಡ್ ಗ್ಲಾಸಿನಲ್ಲಿ (ಕ್ಯಾಮೆರಾ ಹಿಂದೆ ಚಿತ್ರ ಮೂಡುವ ಮಸುಕು ಗಾಜು) ಕಮಾನಿನ ಅಂಚು ಚೂಪಾಗಿ ಕೂಡಿಸಿ, ಆಮೇಲೆ ಫಿಲ್ಟರ್ ಹಾಕಿ ತೆಗೆದರೆ ನೆಗೆಟಿವ್ ಮೆತ್ತಗೆ. ಇದು ಶಟರಿನ ದೋಷ ಅಂತ ಬಹಳ ದಿನ ಬೈದುಕೊಂಡೆ.

ಲೆನ್ಸಿನ ಅಂಚನ್ನು ಹಿಡಿಯುವ ಅಡಾಪ್ಟರಿನ ಎಸಳುಗಳನ್ನು ಅರದಿಂದ ಉಜ್ಜಿದರೆ ಸಡಿಲವಾಗುತ್ತದೆ. ಆಗ ಲೆನ್ಸ್ ಕೆಳಗೆ ಬಾಗಿಸಿದೊಡನೆ ಫಿಲ್ಟರ್ ಜಾರುತ್ತದೆ. ಒಳಗೆ ತೆಳು ಫೆಲ್ಟ್ ಅಂಟಿಸಿದರೆ ಚಳಿಗಾಲದಲ್ಲಿ ಚೆನ್ನ. ಬಿಸಿಲು 40 ಡಿಗ್ರಿ ದಾಟಿತೆಂದರೆ ಅಂಟು ಕರಗಿ ಲೆನ್ಸಿನ ಅಂಚಿಗೇ ಮೆತ್ತಿಕೊಳ್ಳುತ್ತದೆ. ಅಡಾಪ್ಟರ್ ಕೆಟ್ಟದ್ದಲ್ಲ. ನನ್ನ ಲೆನ್ಸಿಗೂ ನಮ್ಮೂರ ಬಿಸಿಲಿಗೂ ಹೊಂದಲಿಲ್ಲ, ಅಷ್ಟೇ.

ಈಗ ಲೇತ್. ನನ್ನ ಹತ್ತಿರ ಹಳೆ 52 ಎಂಎಂ ಹಳದಿ, ಕಿತ್ತಳೆ, ಕೆಂಪು ಫಿಲ್ಟರ್ ಮೊದಲೇ ಇದ್ದವು. ಅವನ್ನೇ ಬಳಸುವುದು ಅಂತ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಟರ್ನಿಂಗ್ ಅಂಗಡಿಗೆ ಹೋದೆ. 52ರ ಫಿಲ್ಟರ್ ಥ್ರೆಡ್ 0.75 ಎಂಎಂ ಪಿಚ್, ಅಂದರೆ ಸುತ್ತಿನಿಂದ ಸುತ್ತಿಗೆ ಅಷ್ಟು ಅಂತರ. "ಸರ, ನಮ್ಮ ಮಷೀನ್ ಇಂಚಿಂದು, ಆ ಥ್ರೆಡ್ ಬರಂಗಿಲ್ರಿ" ಅಂದರು ಅಂಗಡಿಯವರು. ಥ್ರೆಡ್ ಬೇಡವೇ ಬೇಡ ಅಂದೆ. 49ರಿಂದ 52ಕ್ಕೆ ಹೋಗುವ ಅಗ್ಗದ ಸ್ಟೆಪ್ ರಿಂಗ್ ಒಂದನ್ನು ಕೊಟ್ಟೆ. ಅವರು ಮಾಡಿದ್ದು ಬರೀ ಒಂದು ಬಳೆ: ಒಂದು ಕಡೆ 42.5 ಎಂಎಂ ತೂತು, ಇನ್ನೊಂದು ಕಡೆ ಸ್ಟೆಪ್ ರಿಂಗ್ ಕೂಡುವಷ್ಟು ತೋಡು. ಆ ರಿಂಗನ್ನು ಮನೆಯಲ್ಲಿ ಅರಾಲ್ಡೈಟ್ ಹಾಕಿ ಕೂಡಿಸಿದೆ.

ಮುಖ್ಯ ವಿಷಯ ಬಳೆಯ ಪಕ್ಕದ ಮೂರು ಸಣ್ಣ ತೂತು. ಅದರೊಳಗೆ 3 ಎಂಎಂ ನೈಲಾನ್ ಸ್ಕ್ರೂ. ಬಳೆಯನ್ನು ಸುಮ್ನೆ ಮೇಲಿಟ್ಟು ಮೂರನ್ನೂ ಬೆರಳಿಂದ ಬಿಗಿ ಮಾಡಿದರೆ ಕೂತಿತು. ತಿರುಚುವ ಮಾತೇ ಇಲ್ಲ, ಹಿತ್ತಾಳೆಗೆ ಗೀರೂ ಬೀಳುವುದಿಲ್ಲ. ಬೆಳಿಗ್ಗೆ ಒಮ್ಮೆ ಹಾಕಿದರೆ ದಿನವಿಡೀ ಅಲ್ಲೇ ಇರುತ್ತದೆ, ಬದಲಾಗುವುದು ಫಿಲ್ಟರ್ ಮಾತ್ರ. ಅದನ್ನೂ ಬಳೆ ಒಂದು ಕೈಯಲ್ಲಿ ಹಿಡಿದು ತಿರುಗಿಸುತ್ತೇನೆ. ಒಳಗೆ ಹೊಳೆಯುವ ಅಲ್ಯೂಮಿನಿಯಂ ಬಿಡಬೇಡಿ, ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿಯಿರಿ. ಕೂಲಿ 400, ಸ್ಟೆಪ್ ರಿಂಗ್ 150.

ರಿಂಗಿನಿಂದ ಚಿತ್ರದ ಮೂಲೆ ಕಪ್ಪಾಗುತ್ತದಾ ಅಂತ ನೋಡಲು ಗ್ರೌಂಡ್ ಗ್ಲಾಸಿನ ಕತ್ತರಿಸಿದ ಮೂಲೆಯಿಂದ ಲೆನ್ಸಿನೊಳಗೆ ಇಣುಕಿ. ಲೆನ್ಸಿನ ಬೆಳಕಿನ ತೂತನ್ನು ಎಫ್/22ಕ್ಕೆ ಕಿರಿದು ಮಾಡಿದಾಗ ಅದು ಪೂರ್ತಿ ಕಂಡರೆ ಸರಿ. ನನ್ನದರಲ್ಲಿ ಕಂಡಿತು. ಮದರಸಾದ ಮಿನಾರಿಗೆ ಅಂತ ಲೆನ್ಸ್ ಮೇಲೆತ್ತಿದಾಗ ಮೂಲೆ ಕಪ್ಪು ಮಾಡಿ ಮೊದಲು ಕೈಕೊಡುವುದು ಟೆಸ್ಸಾರೇ, ರಿಂಗಲ್ಲ.

ಒಂದು ತೊಂದರೆ ಇದೆ. ರಿಂಗ್ ಇದ್ದರೆ ಕ್ಯಾಮೆರಾ ಮಡಚಲು ಬರುವುದಿಲ್ಲ. ಬಿಚ್ಚಿ ಡಬ್ಬಿಗೆ ಹಾಕಬೇಕು.

ಯಾವ ಫಿಲ್ಟರ್ ಮೊದಲು ಕೊಳ್ಳಬೇಕು ಅಂತ ಕೇಳಿದರೆ ಹಳದಿ, ನಂಬರ್ 8. ಚುರುಕು ಬಿಸಿಲಲ್ಲಿ ಐಎಸ್‌ಒ 100ರ ಫಿಲ್ಮಿಗೆ ಎಫ್/22ರಲ್ಲಿ 1/50 ಸೆಕೆಂಡ್. ಹಳದಿ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು, ತಿನ್ನುತ್ತದೆ, 1/25 ಆಗುತ್ತದೆ. ಕೆಂಪು, ನಂಬರ್ 25, ಮೂರು ಸ್ಟಾಪ್ ತಿನ್ನುತ್ತದೆ, 1/5ರ ಹತ್ತಿರ. ನನ್ನ ಶಟರ್ 1/25ರಲ್ಲಿ ನೆಟ್ಟಗಿದೆ, 1/5ರಲ್ಲಿ ಎಳೆದಾಡುತ್ತದೆ.

ಬೇರೆ ಬೇರೆ ಅಂಚಿನ ನಾಲ್ಕೈದು ಲೆನ್ಸ್ ಇರುವವರು ಸೀರೀಸ್ 7 ಕಡೆಗೇ ಹೋಗಲಿ. ಗಾಜು ಒಂದೇ ಜೊತೆ ಸಾಕು, ಅಡಾಪ್ಟರ್ ಮಾತ್ರ ಒಂದೊಂದು ಲೆನ್ಸಿಗೆ ಒಂದೊಂದು. ಒಂದೇ ಲೆನ್ಸ್, ಕೈಯಲ್ಲಿ 52ರ ಫಿಲ್ಟರ್, ಜೇಬಲ್ಲಿ ಆರುನೂರು ರೂಪಾಯಿ ಇರುವವರು ವರ್ನಿಯರ್‌ನಲ್ಲಿ ಅಂಚನ್ನು ಮೂರು ಕಡೆ ಅಳೆದು ಚೀಟಿಯಲ್ಲಿ ಬರೆದುಕೊಂಡು ಲೇತ್ ಅಂಗಡಿಗೆ ಹೋಗಿ. ಲೆನ್ಸನ್ನೂ ಒಯ್ಯಿರಿ, ಆದರೆ ಲೋಹದ ಚೂರು ಹಾರುವ ಮಷೀನ್ ಹತ್ತಿರ ಡಬ್ಬಿ ತೆರೆಯಬೇಡಿ.