ಲಿಂಗನಮಕ್ಕಿ ಹಿನ್ನೀರಿಗೆ ತೆಪ್ಪವೋ, ಕಯಾಕೋ?

ಶರಾವತಿ ಹಿನ್ನೀರಿಗೆ ಯಾವ ದೋಣಿ ಒಳ್ಳೆಯದು ಎಂದು ಯಾರಾದರೂ ವಿಚಾರಿಸಿದರೆ, ಯಾವ ತಿಂಗಳು ಹೋಗುತ್ತೀರಿ ಎಂದು ನಾವು ತಿರುಗಿ ಕೇಳುತ್ತೇವೆ. 1964ರಲ್ಲಿ ಅಣೆಕಟ್ಟೆ ಪೂರ್ತಿಯಾದಾಗ ಮುಳುಗಿದ ಕಾಡಿನ ಮರದ ಬುಡಗಳು ಇವತ್ತಿಗೂ ನೀರಿನಡಿ ನಿಂತಿವೆ. ಜಲಾಶಯ 1,819 ಅಡಿಯ ಪೂರ್ಣ ಮಟ್ಟದ ಹತ್ತಿರ ಇರುವಾಗ ಅವುಗಳಲ್ಲಿ ಹೆಚ್ಚಿನವು ದೋಣಿಗೆ ತಾಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುತ್ತ ಬಂದಂತೆ ಒಂದೊಂದೇ ಬುಡ ಮೇಲ್ಮೈಯಿಂದ ಗೇಣುದ್ದ ಕೆಳಗೆ ಬಂದು ನಿಲ್ಲುತ್ತದೆ. ಕಣ್ಣಿಗೆ ಕಾಣುವ ಬುಡ ಅಪಾಯವಲ್ಲ, ಈ ಗೇಣಿನ ಬುಡ ಅಪಾಯ. ಹಿನ್ನೀರ ದಡದ ಊರಾದ ಹೊನ್ನೇಮರಡು ಕಡೆಯಂಥ ನೀರಿಗೆ ಮೂರು ಬಗೆಯ ದೋಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಬರೆಯುತ್ತಿರುವುದಿದು.

ಕಯಾಕ್ ಎಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಗಾಳಿ ತುಂಬುವ ಕಯಾಕಿನ ಅನುಕೂಲ ಎಲ್ಲರಿಗೂ ಗೊತ್ತು: ಹದಿನೈದು ಕೆಜಿ ಆಸುಪಾಸಿನ ಚೀಲ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಬಸ್ಸಿನಲ್ಲೂ ತರಬಹುದು. ತೊಂದರೆ ಶುರುವಾಗುವುದು ಗಾಳಿಯ ಒತ್ತಡದಲ್ಲಿ. ದಡದ ಬಿಸಿಲಲ್ಲಿ ಬಿಗಿಯಾಗಿ ತುಂಬಿಸಿ ನೀರಿಗಿಟ್ಟರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನಡು ಬಾಗುತ್ತದೆ, ಹುಟ್ಟು ಹಾಕಿದಷ್ಟೂ ವೇಗ ಬರುವುದಿಲ್ಲ. ಹತ್ತು ನಿಮಿಷ ನೀರಲ್ಲಿ ಬಿಟ್ಟು ಮತ್ತೊಮ್ಮೆ ಪಂಪ್ ಹೊಡೆಯಬೇಕು. ಊಟಕ್ಕೆಂದು ದಡಕ್ಕೆಳೆದಾಗ ಇದರ ಉಲ್ಟಾ: ಬಿಸಿಲಿಗೆ ಗಾಳಿ ಹಿಗ್ಗಿ ಅಂಟಿಸಿದ ಹೊಲಿಗೆಯೇ ಬಿಡಬಹುದು. ನೆರಳಿಗೆ ಎಳೆಯಿರಿ, ಇಲ್ಲವೇ ವಾಲ್ವ್ ಒತ್ತಿ ಸ್ವಲ್ಪ ಗಾಳಿ ಬಿಡಿ. ದೋಣಿ ನೇರ ಸಾಗಲೆಂದು ಅಡಿಗೆ ಸಿಕ್ಕಿಸುವ ರೆಕ್ಕೆಯದು ಇನ್ನೊಂದು ಗೋಳು. ತೆಗೆದರೆ ಮೂತಿ ಅತ್ತಿತ್ತ ಓಲಾಡುತ್ತದೆ, ಹಾಕಿದರೆ ಮೀನುಬಲೆಗೆ ಸಿಕ್ಕಿಕೊಳ್ಳುತ್ತದೆ. ದಡದೊಳಗೆ ಚಾಚಿಕೊಂಡ ನೀರಿನಲ್ಲಿ ಖಾಲಿ ಬಾಟಲಿಗಳು ಸಾಲಾಗಿ ತೇಲುತ್ತಿದ್ದರೆ ಅಡಿಯಲ್ಲಿ ಬಲೆ ಇದೆ ಎಂದೇ ತಿಳಿಯಿರಿ. ಸಾಲಿನ ತುದಿ ಬಳಸಿ ಹೋಗಿ, ಬಲೆ ಎತ್ತಬೇಡಿ, ಕೊಯ್ಯಲೇಬೇಡಿ, ಅದು ಒಬ್ಬರ ಅನ್ನ. ಮಳೆ ನಿಂತು ನೀರು ತುಂಬಿರುವ ತಿಂಗಳುಗಳಿಗೆ ಈ ಕಯಾಕ್ ಸಾಕು. ಬೇಸಿಗೆಗೆ ನಾವು ಇದನ್ನು ಒಪ್ಪುವುದಿಲ್ಲ.

ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ ಕಯಾಕ್ ಹತ್ತು-ಹನ್ನೆರಡು ಅಡಿ ಉದ್ದ, ಇಪ್ಪತ್ತೈದರಿಂದ ಮೂವತ್ತು ಕೆಜಿ. ಮರದ ಬುಡಕ್ಕೆ ಬಡಿದರೆ ಗೀರು ಬೀಳುತ್ತದೆ, ಅಷ್ಟೇ. ಮಗುಚಿದರೂ ಒಬ್ಬರೇ ಮರಳಿ ಏರಬಹುದು: ದೋಣಿಯನ್ನು ನೇರ ಮಾಡಿ, ನಡುವಿಗೆ ಬಂದು ಆಚೆಯ ಅಂಚು ಹಿಡಿದು, ಕಾಲು ಜೋರಾಗಿ ಬಡಿಯುತ್ತ ಹೊಟ್ಟೆಯನ್ನು ಮೇಲಕ್ಕೆಳೆದುಕೊಳ್ಳಿ, ಆಮೇಲೆ ಹೊರಳಿ ಕೂರಿ. ಇದನ್ನು ದಡದ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡೇ ಅಭ್ಯಾಸ ಮಾಡಿರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದು ಅಗಲ ನೀರಿನಲ್ಲಿ ಅಲೆ ಕಟ್ಟಿದಾಗ ಮೂರರಲ್ಲಿ ಹಿಡಿತ ಕೊಡುವುದು ಇದೊಂದೇ. ಇದರ ದೋಷ ನೀರಲ್ಲಿಲ್ಲ, ದಡದಲ್ಲಿದೆ. ನೀರು ಹಿಂದೆ ಸರಿದಾಗ ವಾಹನ ನಿಲ್ಲಿಸಿದ ಜಾಗದಿಂದ ನೀರಂಚಿಗೆ ಬಹಳ ದೂರ ಹೊರಬೇಕು. ಮೇಲೆ ಒಣಗಿ ಬಿರುಕು ಬಿಟ್ಟ ಹೂಳು ಗಟ್ಟಿ ಎಂದು ಕಾಲಿಟ್ಟರೆ ಮೊಣಕಾಲವರೆಗೂ ಹೂತುಹೋಗುತ್ತದೆ. ಇಬ್ಬರಿಲ್ಲದೆ ಇದನ್ನು ತರಬೇಡಿ, ಹೂಳು ಬಿಟ್ಟು ಜಂಬಿಟ್ಟಿಗೆ ಕಲ್ಲಿನ ದಡ ಹುಡುಕಿ ಇಳಿಸಿ.

ತೆಪ್ಪ ಇಲ್ಲಿ ಪಳಗಿದವರ ಕೈಗೆ. ಬಿದಿರು ಹೆಣೆದು ಡಾಂಬರು ಬಳಿದದ್ದಾಗಲಿ, ಫೈಬರಿನದ್ದಾಗಲಿ, ಅಡಿ ಚಪ್ಪಟೆ. ಆದ್ದರಿಂದ ಮೊಣಕಾಲುದ್ದ ನೀರಲ್ಲೂ ಸಾಗುತ್ತದೆ, ಬಲೆಯ ಮೇಲೂ ಜಾರುತ್ತದೆ, ಒಬ್ಬರು ಬೆನ್ನ ಮೇಲೆ ಆಮೆ ಚಿಪ್ಪಿನ ಹಾಗೆ ಹೊತ್ತು ನಡೆಯಬಹುದು. ಹುಟ್ಟನ್ನು ಪಕ್ಕಕ್ಕೆ ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಮುಂದಿನ ಅಂಚಿನಲ್ಲಿ ಮಂಡಿಯೂರಿ, ಹುಟ್ಟನ್ನು ಎದುರಿನ ನೀರಿಗೆ ಇಳಿಸಿ ತನ್ನ ಕಡೆಗೆ ಎಳೆದುಕೊಳ್ಳಬೇಕು, ಎಡಬಲ ಸ್ವಲ್ಪ ತಿರುವುತ್ತ. ಗಾಳಿ ಬಂದರೆ ಎಷ್ಟು ಎಳೆದರೂ ಗಾಳಿ ಹೋದತ್ತಲೇ ಹೋಗುತ್ತದೆ, ಹಾಗಾಗಿ ಹಿನ್ನೀರು ದಾಟುವುದಕ್ಕೆ ತೆಪ್ಪ ಬೇಡವೇ ಬೇಡ. ತೆಪ್ಪ ಮರದ ಬುಡದ ಮೇಲೆ ಕೂತುಬಿಟ್ಟರೆ ಎಲ್ಲರೂ ಒಂದೇ ಪಕ್ಕಕ್ಕೆ ವಾಲಬಾರದು, ಒಬ್ಬರು ಮಾತ್ರ ಕೂತಲ್ಲೇ ನಿಧಾನ ಸರಿದರೆ ತಾನೇ ಜಾರಿಕೊಳ್ಳುತ್ತದೆ. ಬಿದಿರಿನದನ್ನು ಬಿಸಿಲಲ್ಲಿ ಬೋರಲು ಹಾಕಿಟ್ಟರೆ ಡಾಂಬರು ಬಿರುಕು ಬಿಡುತ್ತದೆ, ಇಳಿಸುವ ಮೊದಲು, ಬೋರಲಿದ್ದಾಗಲೇ ಅದರಡಿ ಕೂತು ಬೆಳಕು ತೂರುವ ಕಡೆ ನೋಡಿ.

ಒಂದನ್ನೇ ಕೊಳ್ಳುವುದಾದರೆ ನಮ್ಮ ಮಾತು ಗಟ್ಟಿ ಕಯಾಕಿಗೆ. ಹಳೆಯದು ಸಿಕ್ಕರೆ ಕೂರುವ ಜಾಗದಲ್ಲಿ ನೀರು ಬಸಿಯಲೆಂದು ಬಿಟ್ಟ ತೂತುಗಳ ಒಳಗೋಡೆಯಲ್ಲಿ ಬೆರಳಾಡಿಸಿ. ಪ್ಲಾಸ್ಟಿಕ್ ಮೊದಲು ಸೀಳುವುದು ಅಲ್ಲೇ, ಹೊರಗಿನಿಂದ ಕಾಣುವುದಿಲ್ಲ. ಹಿಂಬದಿಯ ಬಿರಡೆ ತೆಗೆದು ದೋಣಿಯನ್ನು ಓರೆ ಮಾಡಿ. ನೀರು ಸುರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಜಾಗ ಸಿಗುವ ತನಕ ದುಡ್ಡು ಕೊಡಬೇಡಿ.