ಅಂಗಡಿ ಬೋರ್ಡಿಗೆ ಯಾವ ಸ್ಟೇಷನರಿ?

ತಮ್ಮಾ, ವಿಜಯಪುರದಲ್ಲಿ ನೋಟ್‌ಬುಕ್ ಅಂಗಡಿ ತೆಗೀತಿದ್ದೀಯ, ಇಂಗ್ಲಿಷ್ ಬೋರ್ಡಿಗೆ Stationary, Stationery, Stationers ಈ ಮೂರರಲ್ಲಿ ಯಾವ ಪದ ಅಂತ ಕೇಳಿದ್ದೀಯ. ರೇಟಿನ ಚಿಂತೆ ಬಿಡು. ಇಂಗ್ಲಿಷಿನಲ್ಲಿ ಮೂರಕ್ಕೂ ಹತ್ತತ್ತೇ ಅಕ್ಷರ, ಪೇಂಟರ್ ಅಷ್ಟೇ ತಗೋತಾನೆ.

ಅರ್ಥ ಮುಖ್ಯ. ಕೊನೆಯಲ್ಲಿ 'ಎ-ಆರ್-ವೈ' ಬಂದರೆ ನಿಂತಲ್ಲೇ ನಿಂತದ್ದು ಎಂದರ್ಥ. ಅದು ಫಿಸಿಕ್ಸ್ ಪುಸ್ತಕಕ್ಕೆ ಸರಿ, ಜಿಮ್ಮಿನ ಸೈಕಲ್ಲಿಗೂ ಸರಿ. 'ಇ-ಆರ್-ವೈ' ಬಂದರೆ ಪೆನ್ನು, ಪೇಪರು, ಲಕೋಟೆ. 'ಇ-ಆರ್-ಎಸ್' ಬಂದರೆ ಅವನ್ನು ಮಾರುವವರು.

ಹುಟ್ಟು ನೋಡಿದರೆ ಮೂರೂ ಒಂದೇ ಮನೆಯವು. ನಿಲ್ಲುವುದು ಅನ್ನೋ ಲ್ಯಾಟಿನ್ ಮೂಲದಿಂದ ಬಂದವು, ನಮ್ಮ ರೈಲ್ವೆ ಸ್ಟೇಷನ್ನೂ ಅಲ್ಲಿಂದಲೇ. ಹಿಂದೆ ಯುರೋಪಿನಲ್ಲಿ ಜಾಸ್ತಿ ವ್ಯಾಪಾರಿಗಳು ನಮ್ಮ ಸಂತೆಯವರ ಹಾಗೆ ಊರೂರು ತಿರುಗುತ್ತಿದ್ದರು. ಪುಸ್ತಕ ಮಾರುವವರು ಮಾತ್ರ ವಿಶ್ವವಿದ್ಯಾಲಯದ ಹತ್ತಿರ ಒಂದೇ ಕಡೆ ಅಂಗಡಿ ಹೂಡಿದರು. ಅದಕ್ಕೇ ಅವರು 'ಸ್ಟೇಷನರ್'. ಲಂಡನ್ನಿನಲ್ಲಿ 1403ರಲ್ಲೇ ಅವರ ಸಂಘ ಆಗಿತ್ತು. ಅವರು ಮಾರಿದ ಸಾಮಾನು ಸ್ಟೇಷನರಿ ಆಯಿತು. ಎಷ್ಟು ಚಂದದ ಕಥೆ ಅಲ್ವಾ!

ನೆನಪಿಡುವುದು ಸುಲಭ. ಪೇಪರ್ ಪದದ ಕೊನೆಗೂ 'ಇ-ಆರ್' ಇದೆ.

ನಿನ್ನ ಹೆಸರೋ ಅಪ್ಪನ ಹೆಸರೋ ಮುಂದೆ ಹಾಕುವುದಾದರೆ 'ಸ್ಟೇಷನರ್ಸ್' ಒಪ್ಪುತ್ತದೆ. ಜೆರಾಕ್ಸ್, ಆಟದ ಸಾಮಾನು ಜೊತೆಗೆ ಪಟ್ಟಿ ಮಾಡಿ ಬರೆಸುವುದಾದರೆ 'ಇ' ಇರುವ 'ಸ್ಟೇಷನರಿ' ಬರೆಸು. ಕನ್ನಡದ ಸಾಲಿಗೆ ಈ ತಾಪತ್ರಯವೇ ಇಲ್ಲ. ಎರಡು ಸ್ಟೇಷನರಿಯನ್ನೂ ನಾವು ಒಂದೇ ಥರ ಬರೆಯುತ್ತೇವೆ. ಬೋರ್ಡಿನಲ್ಲಿ 60% ಕನ್ನಡ ಇರಲೇಬೇಕು, ಆ ಸಾಲನ್ನು ಮೇಲೆ ದೊಡ್ಡದಾಗಿ ಬರೆಸು.